ಎರಡನೇ ರೂಮಿನ ಟಿವಿಗೆ ತಿಂಗಳ ರೀಚಾರ್ಜ್ ಇಲ್ದೆ ಏನ್ ಹಾಕ್ಸೋದು?

ಹಾಲ್‌ನಲ್ಲಿ ದುಡ್ಡು ಕಟ್ಟೋ ಡಿಶ್ ಇದೆ, ಒಳಗಿನ ರೂಮಲ್ಲಿ ಅಪ್ಪ ಅಮ್ಮಂಗೆ ಹಳೇ ಟಿವಿ ಇಟ್ಟಿದೀವಿ, ಅದಕ್ಕೂ ತಿಂಗಳು ತಿಂಗಳು ಕಟ್ಟೋ ಮನಸ್ಸಿಲ್ಲ, ಫ್ರೀ ಡಿಶ್ ಹಾಕ್ಸೋದಾ ಇಲ್ಲ ಟಿವಿಗೆ ಚುಚ್ಚಿ ಇಂಟರ್‌ನೆಟ್‌ನಲ್ಲಿ ನೋಡೋ ಸ್ಟಿಕ್ ತಗೊಳ್ಳೋದಾ ಅಂತ ಕೇಳಿದೀರ. ಎರಡು ವರ್ಷದ ಹಿಂದೆ ನಮ್ಮನೇಲೂ ಇದೇ ಪಂಚಾಯ್ತಿ ನಡೀತು. ಸಂಜೆ ಆರೂವರೆ ಆದ್ರೆ ಅತ್ತೆ ಸೀರಿಯಲ್‌ಗೆ ಕೂತ್ರೆ ಹತ್ತು ಗಂಟೆ ತನಕ ರಿಮೋಟ್ ಮುಟ್ಟೋ ಹಾಗಿಲ್ಲ, ಮಾವಂಗೆ ನ್ಯೂಸೂ ಇಲ್ಲ ಕ್ರಿಕೆಟ್ಟೂ ಇಲ್ಲ, ಕೊನೆಗೆ ಅಟ್ಟದ ಮೇಲಿದ್ದ ಹಳೇ ಟಿವಿ ಇಳಿಸಿ ಅವರ ರೂಮಲ್ಲಿ ಇಟ್ವಿ.

ಮೊದ್ಲು ಒಂದು ಮಾತು. ಯಾವ ಬಾಕ್ಸ್ ಅಂತ ಯೋಚ್ನೆ ಮಾಡೋಕೆ ಮುಂಚೆ ಆ ರೂಮಲ್ಲಿ ಕೂತ್ಕೊಂಡು ಯಾರು ಏನ್ ನೋಡ್ತಾರೆ ಅಂತ ನೋಡಿ. ಅಮ್ಮಂಗೆ ಕನ್ನಡ ಸೀರಿಯಲ್ಲೇ ಬೇಕು ಅಂದ್ರೆ ಡಿಡಿ ಫ್ರೀ ಡಿಶ್ ಬೇಡ, ಹಾಕ್ಸಿದ ವಾರಕ್ಕೇ ಬೈಸ್ಕೊಳ್ತೀರ. ಯಾಕಂದ್ರೆ ಜೀ ಕನ್ನಡ, ಕಲರ್ಸ್ ಕನ್ನಡ, ಉದಯ, ಸುವರ್ಣ ಇವೆಲ್ಲ ಪೇ ಚಾನೆಲ್, ಫ್ರೀ ಡಿಶ್‌ನಲ್ಲಿ ಬರಲ್ಲ. ಅಲ್ಲಿ ಕನ್ನಡ ಅಂದ್ರೆ ಮುಖ್ಯವಾಗಿ ಚಂದನ, ಉಳಿದದ್ದು ಜಾಸ್ತಿ ಹಿಂದಿ. ನಮ್ಮ ಮಾವಂಗೆ ಚಂದನದ ವಾರ್ತೆ, ಥಟ್ ಅಂತ ಹೇಳಿ, ಮತ್ತೆ ಮ್ಯಾಚು, ಇಷ್ಟಿದ್ರೆ ಸ್ವರ್ಗ, ಅದಕ್ಕೇ ನಮಗೆ ಫ್ರೀ ಡಿಶ್ ಸರಿ ಹೋಯ್ತು.

ಫ್ರೀ ಡಿಶ್ ದೂರದರ್ಶನ ನಡೆಸೋ ಪ್ರಸಾರ ಭಾರತಿಯೋರದ್ದು, 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿದ್ದು. ಒಂದ್ಸಲ ಬುಟ್ಟಿ (ಮೇಲೆ ಹಾಕೋ ಡಿಶ್ ಆ್ಯಂಟೆನಾ), ಬಾಕ್ಸ್, ವೈರ್ ತಗೊಂಡು ಹಾಕ್ಸಿದ್ರೆ ಮುಗೀತು, ಎಲ್ಲಾ ಸೇರಿ ಹೆಚ್ಚುಕಮ್ಮಿ 2000 ರೂಪಾಯಿ ಅಂತ ಇಟ್ಕೊಳ್ಳಿ, ಆಮೇಲೆ ತಿಂಗಳಿಗೆ ಒಂದು ಪೈಸೆನೂ ಇಲ್ಲ. ಖಾಸಗಿ ಚಾನೆಲ್‌ನೋರು ಹರಾಜಲ್ಲಿ ದುಡ್ಡು ಕಟ್ಟಿ ಜಾಗ ತಗೊಳ್ತಾರೆ, ಹಂಗಾಗಿ ನಮ್ಮ ಹತ್ರ ಕೇಳಲ್ಲ. ಅದರ ತೊಂದರೆ ಏನಂದ್ರೆ ಚಾನೆಲ್ ಬರ್ತಾವೆ ಹೋಗ್ತಾವೆ. 2019ರಲ್ಲಿ ದೊಡ್ಡ ಹಿಂದಿ ಮನರಂಜನೆ ಚಾನೆಲ್‌ಗಳು ಬಿಟ್ಟು ಹೋದ್ವು, 2020ರಲ್ಲಿ ವಾಪಸ್ ಬಂದ್ವು, 2022ರಲ್ಲಿ ಮತ್ತೆ ಹೋದ್ವು. ಹಂಗಾಗಿ ಇಂಥದೇ ಖಾಸಗಿ ಚಾನೆಲ್ ಬೇಕು ಅಂತ ನಂಬ್ಕೊಂಡು ಹಾಕ್ಸ್ಬೇಡಿ.

ಕ್ರಿಕೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ತುಂಬಾ ಜನಕ್ಕೆ ಗೊತ್ತಿಲ್ಲ. 2007ರಲ್ಲಿ ಒಂದು ಕಾನೂನು ಬಂತು, ದೇಶಕ್ಕೆ ಮುಖ್ಯ ಅಂತ ಸರ್ಕಾರ ಗುರುತಿಸಿದ ಆಟಗಳ ಲೈವ್ ಸಿಗ್ನಲ್‌ನ ಖಾಸಗಿ ಚಾನೆಲ್‌ನೋರು ದೂರದರ್ಶನಕ್ಕೂ ಕೊಡ್ಬೇಕು ಅಂತ. ಇಂಡಿಯಾ ಗಂಡಸರ ಟೀಮ್ ಆಡೋ ಒನ್‌ಡೇ, ಟಿ20 ಅದರಲ್ಲಿ ಸೇರುತ್ತೆ. ಆದ್ರೆ 2017ರಲ್ಲಿ ಸುಪ್ರೀಂ ಕೋರ್ಟ್ ಏನ್ ಹೇಳ್ತು ಅಂದ್ರೆ ಆ ಸಿಗ್ನಲ್ ದೂರದರ್ಶನದೋರು ತಮ್ಮ ಟವರ್‌ನಲ್ಲಿ, ತಮ್ಮ ಫ್ರೀ ಡಿಶ್‌ನಲ್ಲಿ ತೋರಿಸ್ಕೊಳ್ಳಬಹುದು, ಖಾಸಗಿ ಕೇಬಲ್‌ಗೆ, ಡಿಟಿಎಚ್‌ಗೆ (ದುಡ್ಡು ಕಟ್ಟೋ ಡಿಶ್‌ಗೆ) ಹಂಚೋ ಹಾಗಿಲ್ಲ ಅಂತ. ಅದಕ್ಕೇ ಹಾಲ್‌ನಲ್ಲಿ ದುಡ್ಡು ಕಟ್ಟೋ ಡಿಶ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಬೇರೆ ಏನೋ ಓಡ್ತಿರುತ್ತೆ, ಒಳಗಡೆ ಪುಗಸಟ್ಟೆ ಡಿಶ್‌ನಲ್ಲಿ ಮ್ಯಾಚ್ ಬರ್ತಿರುತ್ತೆ. ಮಾವ ಇದನ್ನ ಬಂದ ನೆಂಟರಿಗೆಲ್ಲ ಕರ್ಕೊಂಡ್ ಹೋಗಿ ತೋರಿಸ್ತಾರೆ. ಐಪಿಎಲ್ ಈ ಕಾನೂನಿಗೆ ಸೇರಲ್ಲ, ಆ ಆಸೆ ಇಟ್ಕೋಬೇಡಿ.

ಹಾಲ್‌ನ ಬುಟ್ಟಿಯಿಂದಾನೇ ಒಂದು ವೈರ್ ಎಳ್ಕೊಂಡು ಫ್ರೀ ಡಿಶ್ ಬಾಕ್ಸ್‌ಗೆ ಹಾಕ್ಬಹುದಾ ಅಂತಾನೂ ಕೇಳಿದೀರಲ್ಲ, ಸಾಮಾನ್ಯವಾಗಿ ಆಗಲ್ಲ. ಒಂದೊಂದು ಕಂಪನಿಯ ಬುಟ್ಟಿ ಒಂದೊಂದು ಸ್ಯಾಟಲೈಟ್ ಕಡೆ ಮುಖ ಮಾಡಿರುತ್ತೆ, ಫ್ರೀ ಡಿಶ್ ಇರೋದು ಜಿಸ್ಯಾಟ್-15 ಸ್ಯಾಟಲೈಟ್‌ನಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶ. ಟಾಟಾ ಪ್ಲೇ 83 ಡಿಗ್ರಿಯಲ್ಲಿ, ಏರ್‌ಟೆಲ್ 108.2ರಲ್ಲಿ, ಹಂಗಾಗಿ ಬೇರೆ ಬುಟ್ಟಿ ಬೇಕು. ನಮ್ಮ ಕರ್ನಾಟಕದಿಂದ ಫ್ರೀ ಡಿಶ್ ಸ್ಯಾಟಲೈಟ್ ಆಗ್ನೇಯಕ್ಕೆ ಬರುತ್ತೆ, ಆಕಾಶದಲ್ಲಿ ಸುಮಾರು 65 ಡಿಗ್ರಿ ಎತ್ತರ. ಅಷ್ಟು ಮೇಲಿರೋದ್ರಿಂದ ದೂರದ ಕಟ್ಟಡ ಅಡ್ಡ ಬರಲ್ಲ, ಪಕ್ಕದ್ದೇ ಮರ, ನೀರಿನ ಟ್ಯಾಂಕು ಅಡ್ಡ ಬರುತ್ತೆ. ನಮಗೆ ಆಗಿದ್ದೂ ಅದೇ, ಬೇಸಿಗೇಲಿ ಚೆನ್ನಾಗಿ ಬರ್ತಿತ್ತು, ಆಷಾಢದ ಗಾಳಿಗೆ ಪಕ್ಕದವರ ತೆಂಗಿನ ಗರಿ ಅಲ್ಲಾಡಿದಾಗೆಲ್ಲ ಚಿತ್ರ ಚೌಕ ಚೌಕ ಆಗಿ ನಿಂತು ಹೋಗ್ತಿತ್ತು. ಬುಟ್ಟಿ ನಾಲ್ಕಡಿ ಆಚೆ ಸರಿಸಿದ ಮೇಲೆ ಸರಿ ಹೋಯ್ತು. ಜೋರು ಮಳೆಗೆ ಮಾತ್ರ ಹೋಗೇ ಹೋಗುತ್ತೆ, ಅದು ದುಡ್ಡು ಕಟ್ಟೋ ಡಿಶ್‌ಗೂ ತಪ್ಪಿದ್ದಲ್ಲ.

ಬಾಕ್ಸ್ ತಗೊಳ್ಳೋವಾಗ ಎಂಪೆಗ್-4 (ಚಾನೆಲ್ ಕಳಿಸೋ ಹೊಸ ವಿಧಾನ) ಅಂತ ಕೇಳಿ ತಗೊಳ್ಳಿ, ಇದನ್ನ ಮರೀಬೇಡಿ. ನಾನು ಮೊದ್ಲು ಹೋದ ಅಂಗಡಿಯೋನು ಹಳೇ ಎಂಪೆಗ್-2 ಬಾಕ್ಸ್ ತಗಲಾಕ್ಬಿಟ್ಟ, ಎಲ್ಲಾ ಒಂದೇ ಮೇಡಂ ಅಂದ, ಮನೆಗೆ ತಂದು ಹಾಕಿದ್ರೆ ಸುಮಾರು ಚಾನೆಲ್ ಬರ್ಲೇ ಇಲ್ಲ. ಎಂಪೆಗ್-4 ಬಾಕ್ಸ್‌ನಲ್ಲಿ ಎರಡೂ ಥರದ ಚಾನೆಲ್ ಬರುತ್ತೆ, ಎಂಪೆಗ್-2 ಬಾಕ್ಸ್‌ನಲ್ಲಿ ಹಳೇದು ಮಾತ್ರ. ಇನ್ನೊಂದು, ಹೊಸ ಟಿವಿಗಳಲ್ಲಿ ಕೆಲವಕ್ಕೆ ಸ್ಯಾಟಲೈಟ್ ಟ್ಯೂನರ್ ಒಳಗೇ ಇರುತ್ತೆ, ಹಿಂದೆ ಸ್ಕ್ರೂ ಥರ ತಿರುಗಿಸಿ ಹಾಕೋ ಕನೆಕ್ಟರ್ ಹತ್ರ ಡಿವಿಬಿ-ಎಸ್2 ಅಥವಾ ಸ್ಯಾಟಲೈಟ್ ಅಂತ ಬರ್ದಿದ್ರೆ ಬುಟ್ಟಿ ವೈರ್ ನೇರ ಅಲ್ಲಿಗೇ ಹಾಕ್ಬಹುದು, ಬಾಕ್ಸ್ ದುಡ್ಡೂ ಉಳೀತು, ಎರಡು ರಿಮೋಟ್ ಹಿಡ್ಕೊಂಡು ವಯಸ್ಸಾದೋರು ಒದ್ದಾಡೋದೂ ತಪ್ತು. ಮೊದ್ಲು ಅದನ್ನೇ ನೋಡಿ.

ಇನ್ನು ಸ್ಟಿಕ್. ಮನೇಲಿ ಹೇಗೂ ಅನ್‌ಲಿಮಿಟೆಡ್ ವೈಫೈ ಇದ್ರೆ, ಆ ರೂಮ್ ತನಕ ಸಿಗ್ನಲ್ ಗಟ್ಟಿಯಾಗಿ ಬರ್ತಿದ್ರೆ, ಸ್ಟಿಕ್ ಒಳ್ಳೇದೇ. ಕನ್ನಡ ನ್ಯೂಸ್ ಚಾನೆಲ್‌ಗಳು ಯೂಟ್ಯೂಬಲ್ಲೇ ಲೈವ್ ಬರ್ತಾವೆ, ಪ್ರಸಾರ ಭಾರತಿಯೋರ ವೇವ್ಸ್ ಅನ್ನೋ ಆ್ಯಪ್ 2024ರ ನವೆಂಬರ್‌ನಲ್ಲಿ ಬಂತು, ಅದರಲ್ಲೂ ದೂರದರ್ಶನದ ಚಾನೆಲ್ ಸಿಗ್ತಾವೆ. ಆದ್ರೆ ವೈಫೈ ಇಲ್ದೆ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ದಿನಾ ಓಡಿಸ್ತೀನಿ ಅಂದ್ರೆ ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿ, ಆಮೇಲೆ ಅದಕ್ಕೆ ರೀಚಾರ್ಜ್ ಮಾಡ್ಬೇಕು, ಫ್ರೀ ಅನ್ನೋ ಮಾತೆಲ್ಲಿ ಬಂತು. ವಯಸ್ಸಾದೋರಿಗೆ ಇನ್ನೊಂದು ಕಷ್ಟ, ಚಾನೆಲ್ ನಂಬರ್ ಒತ್ತಿದ್ರೆ ಬರೋದಿಲ್ಲ, ಆ್ಯಪ್ ಒಳಗೆ ಹೋಗಿ ಹುಡುಕ್ಬೇಕು. ನಮ್ಮ ಮಾವ ಒಂದು ದಿನ ನೋಡಿ ಇದು ಟಿವಿನಾ ಇಲ್ಲ ಮೊಬೈಲಾ ಅಂತ ರಿಮೋಟ್ ಕೆಳಗಿಟ್ರು.

ನಿಮ್ಮದು ಹಳೇ ಡಬ್ಬ ಟಿವಿ ಆದ್ರೆ ಸ್ಟಿಕ್ ಸುಮ್ನೆ ತಲೆನೋವು, ಸ್ಟಿಕ್‌ಗೆ ಎಚ್‌ಡಿಎಂಐ ಬೇಕು, ಡಬ್ಬ ಟಿವೀಲಿ ಅದಿರಲ್ಲ, ಮಧ್ಯ ಒಂದು ಕನ್ವರ್ಟರ್ ಹಾಕ್ಬೇಕಾಗುತ್ತೆ, ಅಕ್ಷರ ಎಲ್ಲಾ ಮಸುಕು ಮಸುಕು. ಫ್ರೀ ಡಿಶ್ ಬಾಕ್ಸ್ ತಗೊಳ್ಳೋವಾಗ ಕೆಂಪು ಬಿಳಿ ಹಳದಿ ವೈರ್ ಹಾಕೋ ಜಾಗ ಇರೋದನ್ನ ನೋಡಿ ತಗೊಂಡ್ರೆ ಆಯ್ತು.

ಮತ್ತೆ ನಿಮ್ಮ ಪ್ರಶ್ನೆಗೆ ಇನ್ಯಾರೋ ಹಳೇ ಆ್ಯಂಟೆನಾ ಹಾಕಿ ಅಂತ ಉತ್ತರ ಬರ್ದಿದಾರೆ, ಅದನ್ನ ನಂಬ್ಕೊಂಡು ಗುಜರಿ ಅಂಗಡಿಗೆ ಹೋಗ್ಬೇಡಿ, ದೂರದರ್ಶನದ ಹಳೇ ಅನಲಾಗ್ ಟವರ್‌ಗಳನ್ನ ಆಯಕಟ್ಟಿನ ಕೆಲವು ಜಾಗ ಬಿಟ್ಟು 2022ರ ಹೊತ್ತಿಗೇ ನಿಲ್ಲಿಸಿಬಿಟ್ರು.

ನಾನಾಗಿದ್ರೆ ಇಬ್ಬರಲ್ಲಿ ಅಪ್ಪಂಗೆ ಆ ರೂಮು ಅಂದ್ರೆ ಫ್ರೀ ಡಿಶ್, ಅಮ್ಮಂಗೆ ಅಂದ್ರೆ ಅಮ್ಮನ್ನ ಹಾಲ್‌ಗೆ ಕೂರ್ಸಿ ನೀವು ಒಳಗೆ ಹೋಗಿ. ಹಾ, ಪ್ಲಗ್ ಪಾಯಿಂಟ್ ಎಷ್ಟಿದೆ ನೋಡ್ಕೊಳ್ಳಿ, ಟಿವಿಗೊಂದು ಬಾಕ್ಸ್‌ಗೊಂದು ಬೇಕು. ನಾವು ಇದನ್ನ ಯೋಚ್ನೆ ಮಾಡ್ದೆ ಮೊದಲ ದಿನ ಮಾವನ ಮೊಬೈಲ್ ಚಾರ್ಜರ್ ಕಿತ್ತು ಬಾಕ್ಸ್ ಹಾಕಿದ್ವಿ, ಮ್ಯಾಚ್ ಮುಗಿಯೋ ಹೊತ್ತಿಗೆ ಅವರ ಫೋನ್ ಸತ್ತು ಹೋಗಿತ್ತು, ಅದನ್ನ ಈಗಲೂ ಹೇಳ್ತಾರೆ.