ನಿಮ್ಮ ಕಥೆ ಪತ್ರದಲ್ಲೇ ಉಳಿದುಬಿಟ್ಟಿದೆ

ಪ್ರೀತಿಯ ತಂಗಿ, ನಮಸ್ಕಾರ.

ವಿಶೇಷಾಂಕಕ್ಕೆ ನೀವು ಕಳಿಸಿದ ‘ನೋವಲ್ಲಿ ಅರಳಿದ ಹೂವು’ ಲೇಖನವನ್ನು ಎರಡು ಸಲ ಓದಿದೆ. 2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಅಫಜಲಪುರ ತಾಲ್ಲೂಕಿನ ನಿಮ್ಮ ಊರಿಗೆ ನುಗ್ಗಿದ್ದು, ಮನೆಯ ಗೋಡೆ ಬಿದ್ದದ್ದು, ಮುಂದಿನ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡದ್ದು, ಆಮೇಲೆ ನೀವು ಬಿ.ಇಡಿ ಮುಗಿಸಿ ಕಲಬುರಗಿಯಲ್ಲಿ ಟೀಚರ್ ಆದದ್ದು, ಇಷ್ಟನ್ನೂ ಐದು ಪುಟದಲ್ಲಿ ಹೇಳಿದ್ದೀರಿ. ಜೊತೆಗೆ ಒಂದು ಪುಟದ ಪತ್ರ ಇಟ್ಟಿದ್ದೀರಿ. ಈಗಿರುವ ಹಾಗೆ ಲೇಖನವನ್ನು ಅಚ್ಚು ಹಾಕಲು ಆಗುವುದಿಲ್ಲ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಿಮಗೆ ಬರೆಯಲು ಬರುತ್ತದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎರಡನೇ ಪುಟದಲ್ಲಿ ಜೋಳದ ಚೀಲ ಬರುತ್ತದಲ್ವಾ? ನೀರು ಇಳಿದ ಮೇಲೆ ಮನೆಗೆ ಬಂದರೆ ಚೀಲ ಉಬ್ಬಿ ಹೊಲಿಗೆ ಬಿಚ್ಚಿಕೊಂಡಿತ್ತು, ಒಳಗೆ ಕೈ ಹಾಕಿದರೆ ಬಿಸಿ ಇತ್ತು ಅಂತ ಬರೆದಿದ್ದೀರಿ. ನೆನೆದ ಕಾಳು ಮೊಳಕೆ ಒಡೆಯುವಾಗ ಒಳಗೊಳಗೇ ಕಾಯುತ್ತದೆ. ಒಕ್ಕಲುತನದ ಮನೆಯಲ್ಲಿ ಬೆಳೆದವರಿಗೆಲ್ಲ ಇದು ಗೊತ್ತು. ಆದರೆ ಹೊಳೆ ಬಂದ ಸುದ್ದಿಯಲ್ಲಿ ಆ ಬಿಸಿಯನ್ನು ಕೈಯಿಟ್ಟು ಹೇಳಿದವರನ್ನು ನಾನು ನೋಡಿರಲಿಲ್ಲ. ಅಮ್ಮ ಹುಳಿ ವಾಸನೆಯ ಆ ಜೋಳದಲ್ಲೇ ಒಂದು ಬೊಗಸೆ ತೊಳೆದು ಮಾಳಿಗೆ ಮೇಲೆ ಒಣಗಲು ಹಾಕಿದರು ಅನ್ನುವ ಸಾಲು ಓದಿ, ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಅಲ್ಲಿಂದ ಮುಂದೆ ನೀವು ಓಡಿಬಿಟ್ಟಿದ್ದೀರಿ. ಮೂರನೇ ಪುಟದಿಂದ ಕತ್ತಲು, ಬೆಳಕು, ಛಲ, ಗೆಲುವು. ಹೊಳೆಯನ್ನೇ ನೋಡದವರೂ ಈ ಸಾಲುಗಳನ್ನು ಬರೆಯಬಹುದು. ಕೊನೆಗೆ ‘ನನ್ನನ್ನು ಗಟ್ಟಿ ಮಾಡಿದ ಭೀಮೆಗೆ ಋಣಿ’ ಅಂದಿದ್ದೀರಿ. ಹಾಗೆ ನಿಜವಾಗಿ ಅನ್ನಿಸಿದೆಯಾ? ಅನ್ನಿಸಿದ್ದರೆ ಇರಲಿ, ಯಾವಾಗ ಅನ್ನಿಸಿತು ಅಂತ ಬರೆಯಿರಿ. ಓದುವವರಿಗೆ ಸಮಾಧಾನ ಆಗಲಿ ಅಂತ ಬರೆದಿದ್ದರೆ ಹೊಡೆದುಹಾಕಿ. ಹೊಳೆಗೆ ಥ್ಯಾಂಕ್ಸ್ ಹೇಳುವ ಹೊರೆ ನಿಮ್ಮ ಮೇಲೆ ಯಾರೂ ಹೊರಿಸಿಲ್ಲ.

ಆಘಾತದ ಮೇಲೆ ಜನ ಬೆಳೆಯುವುದರ ಬಗ್ಗೆ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್ಹೌನ್, ತುಂಬಾ ಕೆಲಸ ಮಾಡಿದ್ದಾರೆ. ಈ ಬೆಳವಣಿಗೆಯನ್ನು ಅಳೆಯಲು 1996ರಲ್ಲಿ 21 ಹೇಳಿಕೆಗಳ ಒಂದು ಪಟ್ಟಿ ಕೊಟ್ಟರು. ನನ್ನಲ್ಲಿ ಇಷ್ಟು ಶಕ್ತಿ ಇತ್ತಾ ಅನ್ನಿಸುವುದು, ಜನರಿಗೆ ಹತ್ತಿರವಾಗುವುದು, ಹೊಸ ದಾರಿ ಕಾಣುವುದು, ಬದುಕಿನ ಬೆಲೆ ತಿಳಿಯುವುದು, ದೇವರು–ನಂಬಿಕೆಯ ವಿಷಯದಲ್ಲಿ ಬದಲಾಗುವುದು, ಹೀಗೆ ಐದು ಕಡೆ ಬೆಳವಣಿಗೆ ಕಾಣುತ್ತದೆ ಅನ್ನುತ್ತಾರೆ. ಅವರು ಒತ್ತಿ ಹೇಳುವ ಮಾತು ಏನಂದರೆ, ಪೆಟ್ಟು ಯಾರನ್ನೂ ಬೆಳೆಸುವುದಿಲ್ಲ. ಪೆಟ್ಟು ಬಿದ್ದ ಮೇಲೆ ಮನುಷ್ಯ ಅದರ ಜೊತೆ ಗುದ್ದಾಡುತ್ತಾನಲ್ಲ, ಬೆಳೆಸುವುದು ಆ ಗುದ್ದಾಟ. ಬೆಳೆದವರಿಗೆ ನೋವು ಹೋಗಿರಲೇಬೇಕು ಅಂತಲೂ ಇಲ್ಲ. ಎರಡೂ ಒಂದೇ ಸೂರಿನ ಕೆಳಗೆ ಇರುತ್ತವೆ.

ನಿಮ್ಮ ಲೇಖನದಲ್ಲಿ ಆ ಗುದ್ದಾಟವೇ ಇಲ್ಲ. ಅದು ಪತ್ರದಲ್ಲಿದೆ! ನೀವೇ ಬರೆದದ್ದನ್ನು ನಿಮಗೇ ಓದಿ ಹೇಳುತ್ತೇನೆ: ‘2025ರ ಸೆಪ್ಟೆಂಬರಿನಲ್ಲಿ ಮತ್ತೆ ಹೊಳೆ ಬಂದಾಗ ನಾನು ಊರಲ್ಲೇ ಇದ್ದೆ. ನೀರು ಏರುತ್ತಿದೆ ಅಂತ ಗೊತ್ತಾದ ಕೂಡಲೇ ಓಣಿಯ ಬಾಗಿಲುಗಳನ್ನೆಲ್ಲ ಬಡಿದೆ. ಆಧಾರ್, ಪಾಸ್‌ಬುಕ್, ಅಪ್ಪನ ಫೋಟೊ ಇರುವ ಪ್ಲಾಸ್ಟಿಕ್ ಚೀಲ ಐದು ವರ್ಷದಿಂದ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಅದನ್ನು ತಗೊಳ್ಳುವಾಗ ಕೈ ನಡುಗಿತು.’

ತಂಗಿ, ಇದು ಕಥೆ. ಐದು ವರ್ಷ ಇಳಿಸದ ಚೀಲದಲ್ಲಿ ನಿಮ್ಮ ಭಯವೂ ಇದೆ, ನೀವು ಕಲಿತದ್ದೂ ಇದೆ. ‘ಗಟ್ಟಿಯಾದೆ’ ಅಂತ ಒಂದು ಸಲವೂ ಹೇಳದೆ ಎಲ್ಲವನ್ನೂ ಹೇಳಿದ್ದೀರಿ. ಹೊಸ ಲೇಖನ ಆ ಮೊಳೆಯಿಂದ ಶುರುವಾಗಲಿ. ಬಿ.ಇಡಿ, ನೌಕರಿ ಎಲ್ಲ ಎರಡು ಸಾಲಿನಲ್ಲಿ ಸಾಕು.

ಅಮ್ಮನ ಮಾತು ಬದಲಿಸಿ. ‘ಮಗಳೇ, ನದಿಯು ಬರುತ್ತಿದೆ, ಧೈರ್ಯದಿಂದಿರು’ ಅಂತ ನಮ್ಮ ಕಡೆ ಯಾವ ತಾಯಿ ನಡುರಾತ್ರಿ ಹೇಳುತ್ತಾಳೆ? ‘ಹೊಳಿ ಬಂದದ, ಏಳ್ರಿ’ ಅಂದಿರುತ್ತಾರೆ. ಹಾಗೇ ಬರೆಯಿರಿ. ಬೆಂಗಳೂರಿನವರಿಗೂ ಅರ್ಥವಾಗುತ್ತದೆ.

ಇನ್ನು ತಮ್ಮನ ವಿಷಯ. ‘ಅವನು ಕುಡಿತಕ್ಕೆ ಬಿದ್ದು ಸೋತ, ನಾನು ಗೆದ್ದೆ’ ಅಂತ ನಾಲ್ಕನೇ ಪುಟದಲ್ಲಿದೆ. ಈ ಸಾಲನ್ನು ನಾನು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ಹೊಳೆ ಬಂದಾಗ ಅವನಿಗೆ ಹದಿನಾರು ವರ್ಷ ಅಂತ ನೀವೇ ಬರೆದಿದ್ದೀರಿ. ಒಂದೇ ನೀರು ಇಬ್ಬರ ಮೇಲೂ ಹರಿಯಿತು. ಬೆಳೆಯುವುದು ಪರೀಕ್ಷೆಯಲ್ಲ, ಅವನು ಫೇಲ್ ಆಗಲು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ತನ್ನ ಬಾಲ್ಯದ ಕಷ್ಟ ಬರೆದು ಕಳಿಸಿದ್ದ. ಅದರಲ್ಲಿ ಅವನ ಚಿಕ್ಕಮ್ಮನ ಸಂಗತಿಯೂ ಇತ್ತು. ಹೆಸರು ಬದಲಿಸಿದ್ದಾನಲ್ಲ, ಸಾಕು ಅಂದುಕೊಂಡು ಪ್ರಕಟಿಸಿದೆ. ಊರಿನವರಿಗೆ ಹೆಸರು ಬೇಕಾಗಲಿಲ್ಲ, ಬಾವಿ ಪಕ್ಕದ ಮನೆ ಅಂದದ್ದೇ ಸಾಕಾಯಿತು. ಆ ಚಿಕ್ಕಮ್ಮ ಎಷ್ಟೋ ತಿಂಗಳು ಮದುವೆ–ಮುಂಜಿಗೂ ಹೊರಗೆ ಬರಲಿಲ್ಲವಂತೆ. ಆ ತಪ್ಪು ನನ್ನದು. ಅಂದಿನಿಂದ ಕೇಳುತ್ತೇನೆ: ಇದರಲ್ಲಿ ಬರುವವರು ಓದಿದ್ದಾರಾ? ಒಪ್ಪಿದ್ದಾರಾ? ತಮ್ಮನಿಗೆ ಓದಿಸಿ. ಅವನು ಬೇಡ ಅಂದರೆ ಅವನ ಭಾಗ ಬಿಟ್ಟೇ ಬರೆಯಿರಿ.

ಕೊನೆಗೆ ಒಂದು ಮಾತು, ಇದು ಲೇಖನಕ್ಕಿಂತ ದೊಡ್ಡದು. ರಾತ್ರಿ ಮಳೆ ಬಂದರೆ ಇವತ್ತಿಗೂ ನಿದ್ದೆ ಇಲ್ಲ ಅಂತ ಪತ್ರದಲ್ಲಿ ಬರೆದಿದ್ದೀರಿ. ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಆಘಾತಗಳ ಬಗ್ಗೆ ಬರೆಸಿದ್ದ. 1986ರಲ್ಲಿ ಪ್ರಕಟವಾದ ಅಧ್ಯಯನ ಅದು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋಗುವುದು ಕಡಿಮೆಯಾಯಿತು. ಆದರೆ ಅವರು ಬರೆದದ್ದು ಪತ್ರಿಕೆಗಲ್ಲ. ನೀವೂ ಮೊದಲು ನಿಮಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಭಾರ ಇಳಿಯದೆ ಜಾಸ್ತಿ ಆಗುತ್ತಾ ಹೋದರೆ ನಿಲ್ಲಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ವಿಶೇಷಾಂಕ ಮುಂದಿನ ವರ್ಷವೂ ಬರುತ್ತದೆ. ಅವಸರ ಬೇಡ.

ಬರೆಯಬೇಕು ಅನ್ನಿಸಿದಾಗ ಸಾವಿರ ಪದದೊಳಗೆ ಬರೆದು ಕಳಿಸಿ. ಮೊದಲು ಬಡಿದದ್ದು ಯಾರ ಬಾಗಿಲು, ಅವರು ಏನಂದರು, ತಮ್ಮ ಆಗ ಎಲ್ಲಿದ್ದ, ಇದೆಲ್ಲ ನನಗೆ ಬೇಕು. ಹಳೆಯ ಪ್ರತಿಯನ್ನು ಗುರುತು ಹಾಕಿ ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಜೋಳದ ಚೀಲ ಇರುವ ಪುಟಕ್ಕೆ ಪೆನ್ನು ಮುಟ್ಟಿಸಿಲ್ಲ.