ಶಿವಮೊಗ್ಗದಿಂದ ರಾತ್ರಿ ಬಸ್ಸಲ್ಲಿ ಹೋಗಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮುಗಿಸಿ ಅವತ್ತೇ ರಾತ್ರಿ ಬೆಂಗಳೂರು ಬಸ್ ಹತ್ತಬಹುದಾ? ಈಜು ಬರಲ್ಲ.

ಈಜು ಬರದಿದ್ರೂ ಏನೂ ತೊಂದರೆ ಇಲ್ಲ, ಇನ್‌ಸ್ಟ್ರಕ್ಟರ್ ನಿಮ್ಮನ್ನ ಹಿಡ್ಕೊಂಡೇ ಇರ್ತಾರೆ, ಮೊದಲನೇ ಸಲದವರನ್ನ 12 ಮೀಟರ್‌ಗಿಂತ ಕೆಳಗೆ ಕರ್ಕೊಂಡು ಹೋಗೋ ಹಾಗೂ ಇಲ್ಲ. ನನಗೆ ಭಯ ಆಗಿದ್ದು ನಿಮ್ಮ ಪ್ಲಾನಲ್ಲಿರೋ ಎರಡು ರಾತ್ರಿ ಬಸ್ ನೋಡಿ. ನಾನು ಸಾಗರದವನು, ನೇತ್ರಾಣಿಗೆ ಮೂರು ಸಲ ಹೋಗಿದೀನಿ, ಮೊದಲನೇ ಸಲ ನೀವು ಹೇಳಿದ ಹಾಗೇ ಮಾಡಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಅವಾಗ ಬ್ಯಾಗ್ ಹೊತ್ಕೊಂಡು ಹಂಪಿ ಎಲ್ಲ ಸುತ್ತಿ ಶಿವಮೊಗ್ಗಕ್ಕೆ ಬಂದು ಮನೆಗೂ ಹೋಗದೆ ಸೀದಾ ರಾತ್ರಿ ಬಸ್ ಹತ್ತಿದೆ, ಸಿಕ್ಕಿದ್ದು ಕೊನೇ ಸೀಟು. ಸಾಗರ, ತಾಳಗುಪ್ಪ ದಾಟೋವರೆಗೆ ಕಣ್ಣು ಸ್ವಲ್ಪ ಹತ್ತಿತ್ತು, ಆಮೇಲೆ ಗೇರುಸೊಪ್ಪ ಘಾಟಿ ಶುರುವಾಯ್ತು ನೋಡಿ, ಒಂದು ತಿರುವು ಮುಗಿಯೋದ್ರೊಳಗೆ ಇನ್ನೊಂದು, ಮುಂದಿನ ಸೀಟಿನ ಕಂಬಿ ಹಿಡ್ಕೊಂಡೇ ಕೆಳಗಿಳಿದೆ. ಹೊನ್ನಾವರ ಬಸ್ ಸ್ಟ್ಯಾಂಡಲ್ಲಿ ಬೆಳಗಿನ ಜಾವ ಇಳಿದಾಗ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಅಲ್ಲಿಂದ ಇನ್ನೊಂದು ಬಸ್ಸಲ್ಲಿ ಮುರುಡೇಶ್ವರ, ಅದೇ ಸ್ಥಿತಿಯಲ್ಲಿ ಬೋಟ್. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ ಒಳಗಿದೆ, ಬೋಟಲ್ಲಿ ಒಂದು ಒಂದೂವರೆ ಗಂಟೆ, ಅಲ್ಲೂ ವಾಂತಿ.

ನೀರಿಗಿಳಿದು ಎರಡು ಮೂರು ಮೀಟರ್ ಹೋಗೋದ್ರೊಳಗೆ ಕಿವಿಯೊಳಗೆ ಕಡ್ಡಿ ಚುಚ್ಚಿದ ಹಾಗಾಯ್ತು. ಮೂಗು ಹಿಡಿದು ಮೆತ್ತಗೆ ಗಾಳಿ ಊದಿ ಕಿವಿ ಬಿಡಿಸ್ಕೋಬೇಕು, ನೋವು ಬಂದ ಮೇಲಲ್ಲ, ನೋವು ಬರೋಕೆ ಮುಂಚೆನೇ, ಇಳೀತಾ ಇಳೀತಾ ಪ್ರತಿ ಮೀಟರಿಗೂ. ಹೇಳಿಕೊಟ್ಟಿದ್ರು, ನಿದ್ದೆಗೆಟ್ಟ ತಲೆಗೆ ನೆನಪಾಗ್ಲಿಲ್ಲ. ಹಂಗೇ ಹೆಬ್ಬೆರಳು ಮೇಲೆ ಮಾಡಿ ತೋರಿಸ್ದೆ. ನೀರೊಳಗೆ ಅದರ ಅರ್ಥ 'ಮೇಲೆ ಹೋಗೋಣ', ಸರಿ ಇದೀನಿ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿ ತೋರಿಸ್ಬೇಕು, ಇದನ್ನ ಮರೀಬೇಡಿ. ಅವರು ಮೇಲೆ ಕರ್ಕೊಂಡು ಬಂದು ಐದು ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ಇಳಿಸಿದ್ರು.

ಆಮೇಲೆ ಕಂಡಿದ್ದಿದೆಯಲ್ಲ, ಅದಕ್ಕೋಸ್ಕರನೇ ಇನ್ನೆರಡು ಸಲ ಹೋಗಿದ್ದು. ಬಂಡೆ ತುಂಬ ಹವಳ, ಮೇಲೆ ಚಿಟ್ಟೆ ಮೀನುಗಳ ಗುಂಪು, ಒಂದು ಪ್ಯಾರಟ್ ಫಿಶ್ ಬಂಡೆ ಕೆರೀತಿದ್ರೆ ಕರಕರ ಅಂತ ಹಲ್ಲಿನ ಸದ್ದು ನನಗೇ ಕೇಳಿಸ್ತು. ಕೈಯಲ್ಲಿ ಸಿಗಂದೂರಲ್ಲಿ ಕಟ್ಟಿಸ್ಕೊಂಡ ಕೆಂಪು ದಾರ ಇತ್ತು, ಕೆಳಗೆ ಹೋಗಿ ನೋಡಿದ್ರೆ ಬೂದು ಕಂದು ಬಣ್ಣ! ನೀರು ಮೊದಲು ನುಂಗೋದೇ ಕೆಂಪು ಬೆಳಕನ್ನ ಅಂತೆ. ಇನ್‌ಸ್ಟ್ರಕ್ಟರ್ ಟಾರ್ಚ್ ಹಿಡಿದ ತಕ್ಷಣ ದಾರ ಮತ್ತೆ ಕುಂಕುಮದ ಹಾಗೆ ಕೆಂಪಾಯ್ತು, ಪಕ್ಕದ ಬಂಡೆ ಮೇಲೂ ಅಲ್ಲಿವರೆಗೆ ಇರದಿದ್ದ ಬಣ್ಣ ಎಲ್ಲ ಎದ್ದು ಬಂತು. ಹವಳ ಅಂದ್ರೆ ಜೀವ ಇರೋ ಪ್ರಾಣಿ, ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ನಮ್ಮ ಕಾಲು ಒಂದು ಸಲ ತಾಗಿದ್ರೆ ಮುರಿಯೋದು ಎಷ್ಟೋ ವರ್ಷ ಬೆಳೆದಿದ್ದು. ಫೋಟೋಗೋಸ್ಕರ ಮುಟ್ಟಬೇಡಿ, ದಯವಿಟ್ಟು.

ಈಗ ವಾಪಸ್ ಬರೋ ವಿಷಯ, ಇದನ್ನ ಯಾರೂ ಹೇಳಲ್ಲ. ನಾನು ಅವತ್ತೇ ಸಂಜೆ ಬೆಂಗಳೂರು ಬಸ್ ಹತ್ತಿದೆ, ಘಾಟಿ ಹತ್ತಿದ ಮೇಲೆ ತಲೆ ಸಿಡಿಯೋಕೆ ಶುರುವಾಗಿದ್ದು ಬೆಳಗಿನವರೆಗೂ ಬಿಡಲಿಲ್ಲ. ಡಾಕ್ಟ್ರು ನೋಡಿ ನಿದ್ದೆ ಇಲ್ಲ, ನೀರು ಕುಡಿದಿಲ್ಲ, ಅಷ್ಟೇ ಅಂದ್ರು, ಆದ್ರೆ ಡೈವ್ ಮಾಡಿದ್ದು ಯಾವಾಗ, ಎಷ್ಟು ಆಳ ಅಂತ ಅವರು ಕೇಳಿದ ಮೇಲೇ ನಾನು ಇದರ ಬಗ್ಗೆ ಓದಿದ್ದು. ಆಳದಲ್ಲಿ ಒತ್ತಡಕ್ಕೆ ನಾವು ಉಸಿರಾಡೋ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತೆ, ಮೇಲೆ ಬಂದ ಮೇಲೂ ಗಂಟೆಗಟ್ಟಲೆ ನಿಧಾನಕ್ಕೆ ಹೋಗ್ತಿರುತ್ತೆ, ಅಷ್ಟರಲ್ಲಿ ಒತ್ತಡ ಇನ್ನೂ ಕಮ್ಮಿ ಇರೋ ಎತ್ತರಕ್ಕೆ ಹೋದ್ರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಗುಳ್ಳೆ ಏಳಬಹುದು. ಅದಕ್ಕೇ ವಿಮಾನ ಹತ್ತೋಕೆ ಮುಂಚೆ ಒಂದು ಡೈವ್ ಆಗಿದ್ರೆ 12 ಗಂಟೆ, ಜಾಸ್ತಿ ಆಗಿದ್ರೆ 18 ಗಂಟೆ ಕನಿಷ್ಠ ಕಾಯಿರಿ ಅಂತ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನೋ ಡೈವಿಂಗ್ ಸುರಕ್ಷತೆಯ ಸಂಸ್ಥೆಯವರು ಹೇಳ್ತಾರೆ. ಆ ಲೆಕ್ಕ ಶುರುವಾಗೋದು ಸುಮಾರು 600 ಮೀಟರ್ ಎತ್ತರದಿಂದ. ಸಾಗರ ಶಿವಮೊಗ್ಗ ಅದರ ಹತ್ತತ್ರ ಇದಾವೆ, ಬೆಂಗಳೂರು 900ರ ಮೇಲೆ. ಹತ್ತು ಮೀಟರ್ ಒಳಗಿನ ಒಂದು ಸಣ್ಣ ಡೈವಿಗೆ ಅಪಾಯ ಕಮ್ಮಿನೇ, ಹಾಗಂತ ಒಂದು ರಾತ್ರಿ ರೂಮ್ ಬಾಡಿಗೆ ಉಳಿಸೋಕೆ ಇದನ್ನೆಲ್ಲ ಮೈಮೇಲೆ ಹಾಕ್ಕೋಬೇಕಾ ಮಾರಾಯ್ರೆ?

ನಾನಾಗಿದ್ರೆ ಹಿಂಗೆ ಮಾಡ್ತೀನಿ. ಶುಕ್ರವಾರ ಹಗಲು ಬಸ್ಸಲ್ಲಿ ಮುಂದಿನ ಸೀಟು ಹಿಡಿದು ಹೋಗೋದು, ರಾತ್ರಿ ಮುರುಡೇಶ್ವರದಲ್ಲಿ ಚೆನ್ನಾಗಿ ನಿದ್ದೆ, ಬೆಳಿಗ್ಗೆ ಎರಡೇ ಇಡ್ಲಿ ತಿಂದು ಬೋಟ್ ಹತ್ತೋದು. ಶನಿವಾರ ರಾತ್ರಿನೂ ಅಲ್ಲೇ ಉಳಿದು ಭಾನುವಾರ ರಾಜಗೋಪುರದ ಲಿಫ್ಟಲ್ಲಿ ಮೇಲೆ ಹೋಗಿ ಸಮುದ್ರ ನೋಡ್ಕೊಂಡು ಹೊರಟ್ರೆ 18 ಗಂಟೆ ಕಳೆದೇ ಹೋಗಿರುತ್ತೆ. ಎರಡನೇ ಸಲ ಹಾಗೇ ಮಾಡಿದೆ, ಉಳ್ಕೊಂಡ ಮನೆಯ ಅಮ್ಮ ಡೈವ್ ಮುಗಿಸಿ ಬಂದ ತಕ್ಷಣ ದೊಡ್ಡ ಲೋಟದಲ್ಲಿ ಮುರುಗಲು ಪಾನಕ ಕೊಟ್ರು, ಬಾಯಲ್ಲಿದ್ದ ಉಪ್ಪೆಲ್ಲ ತೊಳೆದು ಹೋಯ್ತು.

ಮಳೆಗಾಲದಲ್ಲಿ ಡೈವಿಂಗ್ ಇರಲ್ಲ, ಡಿಸೆಂಬರ್ ಜನವರಿಯಲ್ಲಿ ನೀರು ತಿಳಿಯಾಗಿರುತ್ತೆ. ಆದ್ರೆ ಅದೇ ಟೈಮಿಗೆ ನಮ್ಮ ಕಡೆ ಚಳಿಗೆ ಎಲ್ಲರಿಗೂ ನೆಗಡಿ. ಮೂಗು ಕಟ್ಟಿದ್ರೆ ಮಾತ್ರೆ ನುಂಗಿ ಇಳೀಬೇಡಿ, ಕೆಳಗಿರುವಾಗ ಮಾತ್ರೆಯ ಪವರ್ ಇಳಿದ್ರೆ ಮೇಲೆ ಬರುವಾಗ ಕಿವಿ ಸಿಕ್ಕಿಹಾಕಿಕೊಳ್ಳುತ್ತೆ. ಫೋನ್ ಮಾಡಿ ಬೇರೆ ದಿನಕ್ಕೆ ಹಾಕಿಸ್ಕೊಳ್ಳಿ.