ಟ್ಯಾಬ್ ಬಚ್ಚಿಡುವ ಟೀಚರಿಗೆ

ಪ್ರಶ್ನೆ: ನನಗೆ 63 ವರ್ಷ. ಪ್ರೈಮರಿ ಸ್ಕೂಲ್ ಟೀಚರ್ ಆಗಿ ನಿವೃತ್ತಿಯಾಗಿದ್ದೇನೆ. ಬೇಸಿಗೆ ರಜೆಗೆ ಬಂದ ಮೊಮ್ಮಗ ಟ್ಯಾಬಿನಲ್ಲಿ ಮೈನ್‌ಕ್ರಾಫ್ಟ್ ಅನ್ನುವ, ಬ್ಲಾಕ್ ಜೋಡಿಸಿ ಮನೆ ಕಟ್ಟುವ ಆಟ ಕಲಿಸಿ ಹೋದ. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಆಡುತ್ತೇನೆ. ನಮ್ಮ ಯಜಮಾನರ ಊರಿನ ತೊಟ್ಟಿಮನೆಯನ್ನು ಕೆಡವಿಬಿಟ್ಟಿದ್ದಾರೆ. ಅದನ್ನೇ ಆಟದಲ್ಲಿ ಕಟ್ಟುತ್ತಿದ್ದೇನೆ. ಓರಗಿತ್ತಿ ನೋಡಿ "ಅರವತ್ತಕ್ಕೆ ಅರಳು ಮರಳು" ಎಂದು ನಕ್ಕರು. ಈಗ ಯಾರಾದರೂ ಬಂದರೆ ಟ್ಯಾಬನ್ನು ದಿಂಬಿನಡಿ ಇಡುತ್ತೇನೆ. ಮೆದುಳಿಗೆ ಒಳ್ಳೆಯದು ಅಂತಾನೆ ಮೊಮ್ಮಗ. ನಿಜವೇ? ಇಲ್ಲಾ, ಬಿಟ್ಟುಬಿಡಲೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಬಿಡಬೇಡಿ ಟೀಚರ್. ಮೊಮ್ಮಗನ ಮಾತಿನಲ್ಲಿ ಸ್ವಲ್ಪ ನಿಜವಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಸಂಶೋಧಕರು 55ರಿಂದ 75 ವರ್ಷದವರಿಗೆ ಆರು ತಿಂಗಳು ಸೂಪರ್ ಮಾರಿಯೋ 64 ಎಂಬ ವಿಡಿಯೋ ಗೇಮ್ ಆಡಿಸಿದರು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನೆನಪನ್ನೂ ದಾರಿಯನ್ನೂ ನೋಡಿಕೊಳ್ಳುವ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ಅವರಿಗೆ ಗ್ರೇ ಮ್ಯಾಟರ್, ಅಂದರೆ ನರಕೋಶಗಳು ತುಂಬಿರುವ ಅಂಗಾಂಶ, ಹೆಚ್ಚಿತ್ತು. ಆ ಆಟದಲ್ಲಿ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ ಅಂತ ತಲೆಯಲ್ಲೇ ನಕ್ಷೆ ಮಾಡಿಕೊಳ್ಳಬೇಕು. ಜಗಲಿಯಿಂದ ತೊಟ್ಟಿಗೆ ಎಷ್ಟು ಬ್ಲಾಕ್, ಅಲ್ಲಿಂದ ಬಚ್ಚಲಿಗೆ ಎಷ್ಟು ಅಂತ ಎಣಿಸುವಾಗ ನೀವು ಮಾಡುತ್ತಿರುವುದೂ ಹೆಚ್ಚುಕಡಿಮೆ ಅದೇ.

ಹಾಗಂತ ಓರಗಿತ್ತಿಗೆ ಇದನ್ನು ಸರ್ಟಿಫಿಕೇಟ್ ಥರ ತೋರಿಸಬೇಡಿ. ಆ ಅಧ್ಯಯನದಲ್ಲಿ ಇದ್ದವರೇ ಮೂವತ್ತು ಚಿಲ್ಲರೆ ಜನ. ಅವರಲ್ಲಿ ಆಟದ ಬದಲು ಪಿಯಾನೊ ಕಲಿತವರಿಗೂ ಮೆದುಳಿನ ಬೇರೆ ಕಡೆ ಇಂಥದೇ ಬದಲಾವಣೆ ಕಂಡಿತ್ತು. ಆಟ ಆಡಿದರೆ ಮರೆವು ಬರುವುದೇ ಇಲ್ಲ ಅಂತ ಯಾರೂ ಹೇಳಿಲ್ಲ.

ಅಷ್ಟಕ್ಕೂ ಲಾಭ ಯಾಕೆ ಬೇಕು? ಮಧ್ಯಾಹ್ನ ಧಾರಾವಾಹಿ ನೋಡುವವರನ್ನು ಮೆದುಳಿಗೆ ಏನು ಸಿಕ್ಕಿತು ಅಂತ ಕೇಳುತ್ತಾರಾ? ನಮ್ಮ ಅಜ್ಜಿಯರು ಚೌಕಾಬಾರ ಆಡುತ್ತಾ ಕವಡೆಗಾಗಿ ಜಗಳವನ್ನೇ ಆಡಿದ್ದಾರೆ. ಖುಷಿಯಾಗುತ್ತದೆ ಅನ್ನುವ ಕಾರಣ ಅವರಿಗೆ ಸಾಕಿತ್ತು.

ಈ ಬಚ್ಚಿಡುವುದು ಮಾತ್ರ ನನಗೆ ಸರಿ ಕಾಣುತ್ತಿಲ್ಲ. ಓರಗಿತ್ತಿಯೂ ಅದೇ ಮನೆಗೆ ಸೊಸೆಯಾಗಿ ಬಂದವರಲ್ವಾ? ಟ್ಯಾಬ್ ಅವರ ಕೈಗೇ ಕೊಟ್ಟು, "ದೇವರ ಕೋಣೆ ಇಲ್ಲೇ ಇತ್ತಾ?" ಅಂತ ಕೇಳಿ. ಅವರು ಸುಮ್ನೆ ಕೂರಲಾರರು. ಮೊಮ್ಮಗನೂ ಅವನ ಊರಿಂದಲೇ ಆಟದಲ್ಲಿ ನೀವು ಕಟ್ಟಿದ ಲೋಕದೊಳಗೆ ಬಂದು ಜೊತೆಗೆ ಆಡಬಹುದು. ಹೇಗೆಂದು ಅವನೇ ಹೇಳಿಕೊಡುತ್ತಾನೆ. ಫೋನಿನಲ್ಲಿ "ಊಟ ಆಯ್ತಾ" ಅಂದ ಮೇಲೆ ಏನು ಮಾತಾಡುವುದು ಎಂಬ ಕಷ್ಟ ಅಲ್ಲಿಗೆ ಮುಗಿಯಿತು.

ಚಟದ ಭಯ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ನಿಜ. ಆದರೆ ಆಟ ಕೈಮೀರಿ, ಉಳಿದೆಲ್ಲ ಹಿಂದೆ ಬಿದ್ದು, ತೊಂದರೆಯಾದರೂ ನಿಲ್ಲಿಸಲಾಗದೆ, ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದರೆ ಆ ಹೆಸರು. ನಿಮ್ಮ ಒಂದು ಗಂಟೆ ಅದರ ಹತ್ತಿರಕ್ಕೂ ಬರುವುದಿಲ್ಲ. ಕತ್ತು ಬಗ್ಗಿಸಿ ಕೂರಬೇಡಿ, ಟ್ಯಾಬಿಗೊಂದು ಸ್ಟ್ಯಾಂಡ್ ತರಿಸಿಕೊಳ್ಳಿ.

ಹುಷಾರಾಗಿರಬೇಕಾದ್ದು ದುಡ್ಡಿನ ವಿಷಯದಲ್ಲಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ. ರಮ್ಮಿ ಆಡಿ ಗೆಲ್ಲಿ ಅಂತ ಏನಾದರೂ ಬಂದರೆ ಮುಟ್ಟಬೇಡಿ. ಮೈನ್‌ಕ್ರಾಫ್ಟ್ ಒಳಗೂ ಒಂದು ಅಂಗಡಿ ಇದೆ. ಟ್ಯಾಬಿನಲ್ಲಿ ಕಾರ್ಡ್ ನಂಬರ್ ಸೇವ್ ಮಾಡಿಡಬೇಡಿ, ಮೊಮ್ಮಗ ಎಷ್ಟೇ ಮುದ್ದಾಗಿ ಕೇಳಿದರೂ.